ಸೇಂದಿ ಬಿಟ್ಟ ಮೂರನೆಯ ದಿನ

ರಾಯಚೂರಿನ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಚೀಲ ಹೊರುವ ಹಮಾಲರೊಬ್ಬರನ್ನು ಒಂದು ಸಂಜೆ ಆಟೋದಲ್ಲಿ ಅಡ್ಡ ಮಲಗಿಸಿಕೊಂಡು ನಮ್ಮ ವಾರ್ಡಿಗೆ ತಂದರು. ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡಿದ್ದರು. ಹೆಂಡತಿ ಬಾಗಿಲಲ್ಲೇ ಕುಸಿದು ಕುಳಿತು ಒಂದೇ ಮಾತನ್ನು ಹೇಳುತ್ತಿದ್ದರು: “ನಾನೇ ಬಿಡಿಸಿದೆ ಸಿಸ್ಟರ್, ನಾನೇ ಆಣೆ ಮಾಡಿಸಿದೆ.” ದೇವಸೂಗೂರಿನ ಸೂಗೂರೇಶ್ವರನ ಮುಂದೆ ಸೇಂದಿ ಬಿಡುವುದಾಗಿ ಗಂಡನಿಂದ ಆಣೆ ಮಾಡಿಸಿ, ಮನೆಯಲ್ಲಿ ಕೂಡಿಹಾಕಿ, ಊಟ ಕೊಟ್ಟು ಕಾವಲು ಕುಳಿತಿದ್ದರು. ಮೂರನೆಯ ದಿನಕ್ಕೆ ಹೀಗಾಗಿತ್ತು. ಕೊಟ್ಟ ಮಾತು ಉಳಿಸಿಕೊಂಡಿದ್ದಕ್ಕೇ ಆ ಮನುಷ್ಯ ಸಾಯುವ ಹಂತಕ್ಕೆ ಹೋಗಿ ಬಂದರು.

ಮನಸ್ಸು ಗಟ್ಟಿ ಮಾಡಿದರೆ ಯಾವ ಚಟವನ್ನಾದರೂ ಬಿಡಬಹುದು ಎಂದು ನರ್ಸ್ ಆಗಿದ್ದ ನಾನೂ ಅಲ್ಲಿಯವರೆಗೆ ನಂಬಿದ್ದೆ.

ನಮ್ಮ ಕಡೆ ಕದ್ದು ಮಾರುವ ಕಲಬೆರಕೆ ಸೇಂದಿಯಲ್ಲಿ ಈಚಲು ಮರದಿಂದ ಇಳಿಸಿದ್ದು ಇರುವುದೇ ಕಡಿಮೆ. ನೀರು, ಸ್ಯಾಕರಿನ್, ಜನ ಸಿ.ಎಚ್. ಪೌಡರ್ ಎನ್ನುವ ಕ್ಲೋರಲ್ ಹೈಡ್ರೇಟ್, ಕೆಲವೊಮ್ಮೆ ಅಲ್ಪ್ರಜೋಲಾಂ, ಡಯಾಜೆಪಾಂ. ದಿನವಿಡೀ ಮೈಮುರಿದು ದುಡಿದವರು ಸಂಜೆಗೆ ಕುಡಿಯುತ್ತಿರುವುದು ನಿದ್ದೆಯ ಔಷಧಿಯನ್ನು. ಈ ಔಷಧಿಗಳು ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಹೆಚ್ಚಿಸುತ್ತವೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ಅದಕ್ಕೆದುರಾಗಿ ತನ್ನ ಚುರುಕನ್ನು ಏರಿಸಿಕೊಂಡು ಕುಳಿತಿರುತ್ತದೆ. ಔಷಧಿ ಒಮ್ಮೆಲೇ ನಿಂತರೆ ಆ ಚುರುಕನ್ನು ತಡೆಯುವವರಿಲ್ಲ. ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ಗೋಡೆಯ ಮೇಲೆ ಇಲ್ಲದ ಹುಳುಗಳು ಹರಿದಾಡುತ್ತವೆ, ಕೊನೆಗೆ ಫಿಟ್ಸ್.

ಪುಸ್ತಕದಲ್ಲಿ ಓದಿದ್ದ ಇದನ್ನು ನನಗೆ ಸರಿಯಾಗಿ ತಿಳಿಸಿಕೊಟ್ಟವರು ಆ ಹಮಾಲರೇ. ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಹೇಳಿದರು: “ಕ್ವಿಂಟಲ್ ಚೀಲ ಬೆನ್ನ ಮೇಲಿದ್ದಾಗ ಮೈ ಮುಂದಕ್ಕೆ ಬಾಗಿರುತ್ತದೆ ತಾಯಿ. ಯಾರಾದರೂ ಹಿಂದಿನಿಂದ ಚೀಲ ಕಿತ್ತುಕೊಂಡರೆ ಮುಗ್ಗರಿಸಿ ಬೀಳುತ್ತೇವೆ. ಇಬ್ಬರು ಹಿಡಿದು ಇಳಿಸಬೇಕು.” ಅಂದಿನಿಂದ ಪ್ರತಿ ಕುಟುಂಬಕ್ಕೂ ನಾನು ಹೇಳುವುದು ಈ ಚೀಲದ ಮಾತನ್ನೇ.

ಇಳಿಸುವ ಬಗೆ ಹೀಗೆ. ದೇಹದಿಂದ ನಿಧಾನವಾಗಿ ಹೊರಹೋಗುವ ಡಯಾಜೆಪಾಂನಂಥ ಮಾತ್ರೆಯನ್ನು ವೈದ್ಯರು ಅಳೆದು ಕೊಟ್ಟು, ವಾರಗಳ ಕಾಲ ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತಾರೆ. ಇದು ವೈದ್ಯರು ಮಾತ್ರ ಮಾಡುವ ಲೆಕ್ಕ, ಅಂಗಡಿಯಿಂದ ಮಾತ್ರೆ ತಂದು ಮನೆಯಲ್ಲಿ ಮಾಡುವಂಥದ್ದಲ್ಲ. ಮನೆಗೆ ಕಳುಹಿಸುವಾಗ ನಾನು ಆಯಾ ದಿನದ ಮಾತ್ರೆಯನ್ನು ಬೇರೆ ಬೇರೆ ಕಾಗದದಲ್ಲಿ ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದು ಹೆಂಡತಿಯ ಅಥವಾ ತಾಯಿಯ ಕೈಗೆ ಕೊಡುತ್ತೇನೆ. ಓದಲು ಬಾರದವರಿಗೆ ಗೆರೆ ಎಳೆಯುತ್ತೇನೆ: ಎರಡು ಗೆರೆ ಎಂದರೆ ಎರಡನೆಯ ದಿನ.

ಇನ್ನೊಂದು ರೂಢಿ ನೀರಿನ ಲೋಟದ್ದು. ಬೆಳಿಗ್ಗೆ ಸ್ಟೀಲ್ ಲೋಟದ ತುಂಬ ನೀರು ಕೊಡುತ್ತೇನೆ. ಆ ಹಮಾಲರು ಮೊದಲ ದಿನ ಎರಡೂ ಕೈಯಲ್ಲಿ ಹಿಡಿದರೂ ಅರ್ಧ ನೀರು ಎದೆಯ ಮೇಲೆ ಚೆಲ್ಲಿತ್ತು, ಹಲ್ಲಿಗೆ ಲೋಟ ತಗುಲಿ ಟಕಟಕ ಸದ್ದಾಗುತ್ತಿತ್ತು. ಆರನೆಯ ದಿನ ಒಂದೇ ಕೈಯಲ್ಲಿ ಎತ್ತಿ ಕುಡಿದರು. ಕುಡಿದವರು ಖಾಲಿ ಲೋಟವನ್ನು ಹೆಂಡತಿಗೆ ತೋರಿಸಿದರು. ಅವರ ಪಾಲಿಗೆ ಅದಕ್ಕಿಂತ ದೊಡ್ಡ ರಿಪೋರ್ಟ್ ಬೇಕಿರಲಿಲ್ಲ.

ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ ಎಂದು ಗೋಡೆಗಳ ಮೇಲೆ ಬರೆದಿರುತ್ತಾರಲ್ಲ, ಅದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಮದ್ಯ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಂ ಎಂಬ ಔಷಧಿ ಇರಬಹುದು. ತಿಳಿಯದೆ ತಿಂದವರು ಮೇಲೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಅದೇ ಔಷಧಿಯನ್ನು ರೋಗಿಗೆ ತಿಳಿಸಿ, ಒಪ್ಪಿಸಿ, ವೈದ್ಯರು ಕೊಡುವುದು ಬೇರೆ ಮಾತು.

ನಿಜವಾದ ಕಷ್ಟ ಶುರುವಾಗುವುದು ವಾರ್ಡಿನಿಂದ ಹೊರಗೆ ಹೋದ ಮೇಲೆ. ಸಂಜೆ ಆರು ಗಂಟೆ, ಕೈಯಲ್ಲಿ ಅಂದಿನ ಕೂಲಿ, ಹೊಟ್ಟೆ ಖಾಲಿ, ಮನೆಗೆ ಹೋಗುವ ದಾರಿಯಲ್ಲೇ ಸೇಂದಿ ಮಾರುವ ಮನೆ. ಈ ನಾಲ್ಕೂ ಕೂಡಿದರೆ ಎಂಥವರಿಗೂ ಕಾಲು ಅತ್ತಲೇ ಎಳೆಯುತ್ತದೆ. ಹಾಗಾಗಿ ಒಂದೊಂದನ್ನೇ ಬಿಡಿಸುತ್ತಾ ಬಂದೆವು. ಕೂಲಿಯನ್ನು ಹೆಂಡತಿಯ ಕೈಗೇ ಕೊಡಲು ಮೇಸ್ತ್ರಿಯನ್ನು ಒಪ್ಪಿಸಿದೆವು. ಗಂಜು ಬಿಡುವ ಮೊದಲೇ ಒಂದು ಪ್ಲೇಟ್ ಮಂಡಾಳ ಒಗ್ಗರಣೆ, ಎರಡು ಮಿರ್ಚಿ ತಿನ್ನಬೇಕು. ದಾರಿ ಬದಲಿಸಬೇಕು, ಸುತ್ತಾದರೂ ಸರಿ. ಆಸೆ ಉಕ್ಕಿ ಬಂದಾಗ ಅರ್ಧ ಗಂಟೆ ತಳ್ಳಿದರೆ ಸಾಕು, ಅದು ತಾನಾಗಿಯೇ ಇಳಿಯುತ್ತದೆ.

ಐದು ತಿಂಗಳ ನಂತರ ಮೊಹರಂಗೆ ಮುದಗಲ್ಲಿಗೆ ಹೋದವರು ಅಲ್ಲಿ ನೆಂಟರ ಜೊತೆ ಕುಡಿದು ಬಂದರು. ಮರುದಿನ ತಾವಾಗಿಯೇ ನನ್ನ ಬಳಿ ಬಂದರು. ನಾನು ಬೈದೆ. “ಇಷ್ಟೆಲ್ಲ ಮಾಡಿದ್ದು ನೀರಿಗೆ ಹಾಕಿದೆಯಲ್ಲಣ್ಣ” ಎಂದೆ. ಅವರು ತಲೆ ತಗ್ಗಿಸಿ ಹೋದವರು ನಾಲ್ಕು ತಿಂಗಳು ಮುಖ ತೋರಿಸಲಿಲ್ಲ. ಆ ನಾಲ್ಕು ತಿಂಗಳಿಗೆ ನಾನೇ ಹೊಣೆ. ಬಿ.ಪಿ. ಮತ್ತೆ ಏರಿದ ರೋಗಿಯನ್ನು ನಾವು ಬೈದು ಕಳುಹಿಸುತ್ತೇವೆಯೇ? ಈಗ ನಾನು ‘ಯಾಕೆ ಕುಡಿದಿರಿ’ ಎಂದು ಕೇಳುವುದಿಲ್ಲ. ಎಷ್ಟು ಹೊತ್ತಿಗೆ, ಯಾರ ಜೊತೆ, ಅದಕ್ಕೂ ಮೊದಲು ಊಟ ಆಗಿತ್ತೇ, ಎಂದು ಕೇಳುತ್ತೇನೆ. ಅದರಲ್ಲೇ ಮುಂದಿನ ಸಲ ಎಚ್ಚರವಾಗಿರಬೇಕಾದ ಜಾಗ ಸಿಗುತ್ತದೆ. ಮತ್ತೊಂದನ್ನು ಮನೆಯವರ ಮುಂದೆಯೇ ಹೇಳುತ್ತೇನೆ: ಕೆಲವು ತಿಂಗಳು ಬಿಟ್ಟ ದೇಹಕ್ಕೆ ಹಳೆಯ ಅಳತೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ, ಅಷ್ಟೇ ಕುಡಿದರೆ ಉಸಿರು ನಿಲ್ಲಬಹುದು.

ಗಾಂಜಾ, ಮಾತ್ರೆಗಳ ಚಟಕ್ಕೆ ಬಿದ್ದ ಹುಡುಗರ ಮನೆಯವರಿಗೆ ಪೊಲೀಸರ ಭಯ. ಮಾದಕ ವಸ್ತುಗಳ ಕುರಿತಾದ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವರಿಗೆ ತಿಳಿದಿರಬೇಕು. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕವರು ತಾವಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ಕೇಳಬಹುದು.

ಆ ಹಮಾಲರು ನಾನು ಬೈದ ಮೇಲೆ ಐದನೆಯ ತಿಂಗಳಲ್ಲಿ ಮರಳಿ ಬಂದರು, ಮತ್ತೆ ಪೊಟ್ಟಣ ಕಟ್ಟಿದೆವು. ಅವರು ಬಿಟ್ಟು ಈಗ ಮೂರು ವರ್ಷ. ಕಳೆದ ತಿಂಗಳು ಗಂಜಿನ ಒಬ್ಬ ಹುಡುಗನನ್ನೂ ಅವನ ತಾಯಿಯನ್ನೂ ಕರೆತಂದಿದ್ದರು. ಹುಡುಗನ ಕೈಯಲ್ಲಿ ಲೋಟ ನಡುಗುತ್ತಿತ್ತು. ಇವರು ಪಕ್ಕದಲ್ಲಿ ಕುಳಿತು ಲೋಟದ ತಳಕ್ಕೆ ತಮ್ಮ ಅಂಗೈ ಕೊಟ್ಟರು, ಅವನು ಕುಡಿದು ಮುಗಿಸುವವರೆಗೂ ತೆಗೆಯಲಿಲ್ಲ.