ಸಣ್ಣ ಕಿರಿಕಿರಿಗಳಲ್ಲೇ ಮನಸ್ಸು ಪಳಗಬೇಕು

ದೊಡ್ಡ ಕಷ್ಟ ಬಂದ ದಿನವೇ ಮನಸ್ಸನ್ನು ಪಳಗಿಸುತ್ತೇನೆ ಅಂದರೆ ಆಗುವುದಿಲ್ಲ. ಸಣ್ಣಪುಟ್ಟ ಕಿರಿಕಿರಿಗಳಲ್ಲೇ ಮೊದಲು ರೂಢಿಯಾಗಿರಬೇಕು. ನನಗೆ ರೂಢಿಯಾಗಿದ್ದು ದಾವಣಗೆರೆಯ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ.

ಅಲ್ಲಿ ಕಾದವರಿಗೆ ಗೊತ್ತು. ಗೇಟ್ ಬಿದ್ದರೆ ಆಟೋ, ಬೈಕು, ತಳ್ಳುಗಾಡಿ ಎಲ್ಲ ಒತ್ತಿಕೊಂಡು ನಿಲ್ಲುತ್ತಿದ್ದವು. ಶಾಲೆಗೆ ಹೊರಟ ನಾನು ಸ್ಕೂಟಿ ಮೇಲೆ ಕೂತಲ್ಲೇ ನನ್ನ ಮೈಯನ್ನು ಗಮನಿಸತೊಡಗಿದೆ. ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಹ್ಯಾಂಡಲ್ ಹಿಡಿದ ಬೆರಳು ಬಿಳಿಚಿಕೊಂಡಿರುತ್ತಿತ್ತು. ಒಳಗೆ ಮಾತು ಬೇರೆ: ಇವತ್ತೂ ತಡ, ಹೆಡ್‌ಮೇಷ್ಟ್ರು ಏನಂತಾರೋ, ಈ ಊರು ಉದ್ಧಾರ ಆಗಲ್ಲ. ಗೇಟ್ ಬಿದ್ದಿರುತ್ತಿದ್ದುದು ಕೆಲವೇ ನಿಮಿಷ. ಆ ಮಾತು ಮಾತ್ರ ಮಧ್ಯಾಹ್ನದ ಊಟದವರೆಗೂ ಬಿಡುತ್ತಿರಲಿಲ್ಲ.

ಬುದ್ಧ ಇದನ್ನೇ ಎರಡು ಬಾಣ ಅಂದಿದ್ದಾನೆ. ಮೈಗೆ ಆಗುವ ನೋವು ಮೊದಲ ಬಾಣ. ಅದಕ್ಕಾಗಿ ಕೊರಗಿ, ಹಲುಬಿ ಮನಸ್ಸಿಗೆ ಚುಚ್ಚಿಕೊಳ್ಳುವುದು ಎರಡನೆಯದು. ಮೊದಲನೆಯದು ಯಾರನ್ನೂ ಬಿಡುವುದಿಲ್ಲ. ಎರಡನೆಯದರಿಂದ ತಪ್ಪಿಸಿಕೊಳ್ಳಬಹುದು.

ನಾನು ಮಾಡುವುದು ಇಷ್ಟೇ. ಮೈಯಲ್ಲಿ ಎಲ್ಲಿ ಬಿಗಿದಿದೆ ನೋಡುತ್ತೇನೆ. ಉಸಿರನ್ನು ಎಳೆದುಕೊಂಡಿದ್ದಕ್ಕಿಂತ ನಿಧಾನವಾಗಿ ಬಿಡುತ್ತೇನೆ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ, ಅದು ದೇಹದ ಗುಣ. ಒಳಗಿನ ಮಾತಿಗೆ ಎದುರುತ್ತರ ಕೊಡುವುದಿಲ್ಲ. 'ಬೈತಾ ಇದೀನಿ' ಅಂತ ಒಂದು ಸಲ ಅಂದುಕೊಂಡು ಕಣ್ಣೆದುರು ಇರುವುದನ್ನು ನೋಡುತ್ತೇನೆ. ಮಾತು ಮತ್ತೆ ಶುರುವಾಗುತ್ತದೆ, ಮತ್ತೆ ವಾಪಸ್ ಬರುತ್ತೇನೆ. ಹೀಗೆ ವಾಪಸ್ ಬರುವುದೇ ಅಭ್ಯಾಸ. ಮನಸ್ಸು ಖಾಲಿಯಾಗಬೇಕು ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಗೇಟಿನಲ್ಲಿ ಕಲಿತಿದ್ದು ನಿಧಾನವಾಗಿ ಮನೆಗೂ ಬಂತು. ಅತ್ತೆ 'ಸಾರಿಗೆ ಉಪ್ಪು ಜಾಸ್ತಿ ಆತು ನೋಡವ್ವಾ' ಅಂದರೆ, ಮೊದಲೆಲ್ಲ ಮದುವೆಯಾದಾಗಿನಿಂದ ಕೇಳಿದ್ದೆಲ್ಲ ಒಟ್ಟಿಗೆ ನೆನಪಾಗುತ್ತಿತ್ತು. ಈಗ ಗಂಟಲು ಬಿಗಿಯುವುದು ಅಲ್ಲೇ ತಿಳಿಯುತ್ತದೆ. ಸಾರಿಗೆ ಒಂದಿಷ್ಟು ಬಿಸಿನೀರು ಬೆರೆಸುತ್ತೇನೆ, ಅಲ್ಲಿಗೆ ಮುಗಿಯಿತು.

ಅಪ್ಪ ತೀರಿಕೊಂಡಾಗ ದುಃಖವೇನೂ ಕಡಿಮೆಯಾಗಲಿಲ್ಲ. ಆಗಲೂಬಾರದು, ಅಲ್ವಾ? ಅಳು ಬಂದಾಗ ಅತ್ತುಬಿಟ್ಟೆ. ಆದರೆ ರಾತ್ರಿ 'ಇನ್ನೂ ಮೊದಲೇ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು' ಅಂತ ಒಳಗೆ ಶುರುವಾದಾಗ, ಇದು ಎರಡನೇ ಬಾಣ ಅಂತ ಗೊತ್ತಾಯಿತು. ನಿದ್ದೆ ಬಂತು.

ಇದಕ್ಕೆ ಕಾಲ ಹಿಡಿಯುತ್ತದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಬಂಡೆಯ ಮೇಲೆ ಅಶೋಕನೇ ಬರೆಸಿದ್ದಾನೆ: ತಾನು ಉಪಾಸಕನಾಗಿ, ಅಂದರೆ ಸಂಸಾರದಲ್ಲಿದ್ದೇ ಬುದ್ಧನ ದಾರಿ ಹಿಡಿದವನಾಗಿ, ಎರಡೂವರೆ ವರ್ಷ ದಾಟಿದೆ, ಆದರೆ ಒಂದು ವರ್ಷ ಹೆಚ್ಚು ಶ್ರಮ ಹಾಕಲಿಲ್ಲ ಅಂತ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಹುದು ಅಂತಲೂ ಅಲ್ಲಿದೆ. ಚಕ್ರವರ್ತಿಯೊಬ್ಬ ಇಷ್ಟು ಬಿಚ್ಚಿ ಹೇಳಿಕೊಂಡಿದ್ದು ನನಗೆ ಬಹಳ ಧೈರ್ಯ ಕೊಟ್ಟಿತು.

ಸಂತೋಷಕ್ಕೂ ಇದೇ ರೂಢಿ ಬೇಕು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2250 ಜನರನ್ನು ಫೋನಿನ ಮೂಲಕ ಆಗಾಗ ವಿಚಾರಿಸಿದ್ದರು. ಹೆಚ್ಚುಕಡಿಮೆ ಅರ್ಧ ಹೊತ್ತು ಅವರ ಮನಸ್ಸು ಮಾಡುವ ಕೆಲಸದಲ್ಲಿ ಇರಲೇ ಇಲ್ಲ, ಹಾಗೆ ಅಲೆಯುವಾಗ ಅವರು ಅಷ್ಟು ಖುಷಿಯಾಗಿಯೂ ಇರಲಿಲ್ಲ. ಅದಕ್ಕೇ ನಾನು ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಿನ್ನುವಾಗ ಫೋನ್ ಮುಟ್ಟುವುದಿಲ್ಲ. ಬಿಸಿ ಮೆಣಸಿನಕಾಯಿ ನಾಲಿಗೆ ಸುಟ್ಟರೆ ಅದೂ ಗೊತ್ತಾಗಲಿ.

ಒಂದು ಮಾತು. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಇದನ್ನೇ ನೆಚ್ಚಿಕೊಂಡು ಸುಮ್ನೆ ಕೂರಬೇಡಿ. ಡಾಕ್ಟರನ್ನು ನೋಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.