ಮನೆಯಂಗಳಕ್ಕೆ ಸೈಪ್ರಸ್: ನೆಡುವ ಮೊದಲು ನೀರಿನ ದಾರಿ ನೋಡಿ

ಗೇಟಿನಿಂದ ಮನೆಬಾಗಿಲವರೆಗೆ ಎರಡೂ ಬದಿಗೆ ಸೈಪ್ರಸ್ ಸಾಲು ಬೆಳೆಸುವ ಆಸೆ ಚಿಕ್ಕಮಗಳೂರು, ಹಾಸನದ ಹೊಸ ಬಡಾವಣೆಗಳಲ್ಲಿ ಹಲವರಿಗಿದೆ. ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿರುವ ಈ ಊರುಗಳ ತಂಪು ಹವೆ ಈ ಮರಕ್ಕೆ ಒಗ್ಗುತ್ತದೆ. ಒಗ್ಗದಿರುವುದು ನಮ್ಮ ಮುಂಗಾರು. ಇಟಾಲಿಯನ್ ಸೈಪ್ರಸ್‌ನ ತವರಾದ ಮೆಡಿಟರೇನಿಯನ್ ಸೀಮೆಯಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಆದ್ದರಿಂದ ಇಲ್ಲಿ ಗಿಡಕ್ಕೆ ನೀರುಣಿಸುವ ಚಿಂತೆಗಿಂತ ಬುಡದಲ್ಲಿ ನಿಂತ ನೀರನ್ನು ಹೊರಹಾಕುವ ಚಿಂತೆಯೇ ಮುಖ್ಯ.

ಮೊದಲು ತಳಿ ಆರಿಸಿಕೊಳ್ಳಬೇಕು. ಕಂಬದಂತೆ ನೆಟ್ಟಗೆ ಏರುವ ಇಟಾಲಿಯನ್ ಸೈಪ್ರಸ್ ಕಾಲಕ್ರಮೇಣ 40 ಅಡಿ ದಾಟಬಲ್ಲದು. ವಿದ್ಯುತ್ ತಂತಿಯ ಕೆಳಗೆ ಇದನ್ನು ನೆಡಲೇಬಾರದು. ಎಲೆ ಉಜ್ಜಿದರೆ ನಿಂಬೆಯ ವಾಸನೆ ಬರುವ, ಹೊಂಬಣ್ಣದ ಗೋಲ್ಡ್‌ಕ್ರೆಸ್ಟ್ ಕ್ಯಾಲಿಫೋರ್ನಿಯಾದ ಕರಾವಳಿಯ ಮಾಂಟೆರೆ ಸೈಪ್ರಸ್‌ನ ತಳಿಯಾಗಿದ್ದು, ಕುಂಡಕ್ಕೂ ಚಿಕ್ಕ ಅಂಗಳಕ್ಕೂ ಹೊಂದುತ್ತದೆ. ಕಡೂರು, ಅರಸೀಕೆರೆಯಂಥ ಬಯಲುಸೀಮೆಯ ಬಿಸಿಲಿಗೆ ಮಾತ್ರ ಇವೆರಡಕ್ಕಿಂತ, ಇದೇ ಕುಟುಂಬದ ಥೂಜಾ, ಅಂದರೆ ನರ್ಸರಿಯವರು ಮೋರ್‌ಪಂಖಿ ಎನ್ನುವ ಗಿಡವೇ ಮೇಲು.

ನರ್ಸರಿಯಲ್ಲಿ ಆಳೆತ್ತರದ ಗಿಡ ಕಣ್ಣಿಗೆ ಚೆನ್ನಾಗಿ ಕಂಡರೂ ಎರಡು ಅಡಿಯ ಗಿಡ ಕೊಳ್ಳುವುದೇ ಜಾಣತನ, ಏಕೆಂದರೆ ಎಳೆಯ ಗಿಡ ಹೊಸ ಮಣ್ಣಿಗೆ ಬೇಗ ಹೊಂದಿಕೊಳ್ಳುತ್ತದೆ. ಚೀಲದ ತಳದಲ್ಲಿ ಬೇರು ಸಿಂಬೆಯಂತೆ ಸುತ್ತಿಕೊಂಡಿದ್ದರೆ ಆ ಗಿಡ ಬೇಡ. ಸೈಪ್ರಸ್ ಒಳಗೆ ಸತ್ತಮೇಲೂ ಹಲವು ದಿನ ಹಸಿರಾಗಿಯೇ ಕಾಣುವುದರಿಂದ, ಕಾಂಡದ ಕೆಳಭಾಗದಲ್ಲಿ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆದು, ಅಡಿಯಲ್ಲಿ ಹಸಿ ಹಸಿರು ಕಂಡರೆ ಮಾತ್ರ ಮನೆಗೆ ತರಬೇಕು.

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ, ಗೋಡೆಯಿಂದ ಐದಾರು ಅಡಿ ದೂರದ ಜಾಗದಲ್ಲಿ ಎರಡು ಅಡಿ ಉದ್ದ, ಅಗಲ, ಆಳದ ಗುಣಿ ತೆಗೆದು, ಅದರ ತುಂಬ ನೀರು ಸುರಿದು ಬಿಡಿ. ಬೆಳಗಾದರೂ ನೀರು ಇಂಗದಿದ್ದರೆ ಅಲ್ಲಿ ಗುಣಿಯಲ್ಲಿ ನೆಡುವ ವಿಚಾರ ಬಿಟ್ಟು, ಮುಕ್ಕಾಲು ಅಡಿಯಿಂದ ಒಂದು ಅಡಿ ಎತ್ತರದ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ಕಾಫಿ, ಅಡಿಕೆ ತೋಟದವರಿಗೆ ಹೇಳಿಕೊಡಬೇಕಿಲ್ಲದ ಬಸಿಗಾಲುವೆಯನ್ನು ಮನೆಯಂಗಳದಲ್ಲೂ ಒಂದು ಗೇಣು ಆಳಕ್ಕೆ ತೋಡಿ, ಇಳಿಜಾರಿನ ಕಡೆಗೆ ತಿರುಗಿಸಬೇಕು. ತೆಗೆದ ಮಣ್ಣಿಗೆ ಮೂರರಲ್ಲಿ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅಂಟುಮಣ್ಣಾಗಿದ್ದರೆ ಜೊತೆಗೆ ದಪ್ಪ ಮರಳು ಬೆರೆಸಿದರೆ ಸಾಕು. ಹಸಿ ಸಗಣಿ ಹಾಕಿ ಗೆದ್ದಲನ್ನು ಕರೆಯಬೇಡಿ.

ನೆಡುವ ಕಾಲದ ವಿಷಯದಲ್ಲಿ ಒಂದೇ ಜಿಲ್ಲೆಯೊಳಗೂ ಲೆಕ್ಕ ಬೇರೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಜೂನ್‌ನಲ್ಲಿ ನೆಡುವ ರೂಢಿಯನ್ನು ಸೈಪ್ರಸ್‌ಗೆ ಅನ್ವಯಿಸದೆ, ಮಳೆಯ ಅಬ್ಬರ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ ಅಥವಾ ಅಕ್ಟೋಬರ್‌ನಲ್ಲಿ ನೆಡುವುದು ಕ್ಷೇಮ. ಅರಸೀಕೆರೆ, ಕಡೂರಿನವರು ಜೂನ್‌ನ ಮೊದಲ ಹದಮಳೆಗೇ ನೆಡಬಹುದು. ಚೀಲವನ್ನು ಸೀಳಿ, ಹೆಂಟೆ ಒಡೆಯದಂತೆ ಇಳಿಸಿ, ಚೀಲದಲ್ಲಿದ್ದ ಮಣ್ಣಿನ ಮಟ್ಟ ನೆಲಕ್ಕಿಂತ ಒಂದು ಅಂಗುಲ ಮೇಲಿರುವಂತೆ ನಿಲ್ಲಿಸಿ ಮಣ್ಣು ತುಂಬಿ ಒತ್ತಬೇಕು. ಗಾಳಿಗೆ ವಾಲದಂತೆ ಗೂಟ ಕೊಟ್ಟು ಸಡಿಲವಾಗಿ ಕಟ್ಟಿ. ಬೇಲಿಯ ಸಾಲಿಗೆ ಗಿಡದಿಂದ ಗಿಡಕ್ಕೆ ಮೂರು ಅಡಿ, ಬಿಡಿಯಾಗಿ ಬೆಳೆಸುವುದಾದರೆ ಆರು ಅಡಿ ಅಂತರವಿರಲಿ.

ಮೊದಲ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಬೇರಿನ ಆಳಕ್ಕೆ ಇಳಿಯುವಂತೆ ನೀರು ಕೊಡಬೇಕು. ದಿನವೂ ಒಂದು ಚೊಂಬು ಚಿಮುಕಿಸುವುದರಿಂದ ಪ್ರಯೋಜನವಿಲ್ಲ. ಬುಡಕ್ಕೆ ದರಗು ಹೊದಿಸುವಾಗ ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ.

ಕತ್ತರಿ ಹಿಡಿಯುವಾಗ ಒಂದು ಮಾತನ್ನು ನೆನಪಿಡಬೇಕು: ಕಾಫಿ ಗಿಡವನ್ನು ಮೋಟು ಕಡಿದರೂ ಚಿಗುರುತ್ತದೆ, ಸೈಪ್ರಸ್ ಹಾಗಲ್ಲ. ಎಲೆಯಿಲ್ಲದ ಕಂದು ಕೊಂಬೆಯವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರು ಬಾರದೆ ಬೋಳು ಹಾಗೆಯೇ ಉಳಿಯುತ್ತದೆ. ಆದ್ದರಿಂದ ವರ್ಷಕ್ಕೆ ಒಂದೆರಡು ಸಲ ಹಸಿರು ತುದಿಗಳನ್ನಷ್ಟೇ, ಮಳೆಯಿಲ್ಲದ ದಿನ ನೋಡಿ ಸವರಬೇಕು.

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಎಲೆಗಳು ಧೂಳು ಹಿಡಿದಂತೆ ಮಾಸಿದರೆ, ಕೊಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ ನೋಡಿ. ಹಾಳೆಯ ಮೇಲೆ ಉದುರಿದ ಚುಕ್ಕಿಗಳು ಹರಿದಾಡತೊಡಗಿದರೆ ಅದು ನುಸಿ. ಔಷಧಿ ಅಂಗಡಿಗೆ ಓಡುವ ಮೊದಲು ಕೆಲವು ದಿನ ಪೈಪಿನಿಂದ ಜೋರಾಗಿ ನೀರು ಹಾಯಿಸಿ ಎಲೆ ತೊಳೆದರೆ ಬಹಳಷ್ಟು ಹತೋಟಿಗೆ ಬರುತ್ತದೆ. ಒಳಗಿನ ಹಳೆಯ ಎಲೆ ಕಂದಾಗಿ ಉದುರುವುದು ಸಹಜ. ಆದರೆ ಒಂದೇ ಕೊಂಬೆ ತುದಿಯಿಂದ ಒಣಗುತ್ತ ಬಂದು, ಸಿಪ್ಪೆ ಬಿರಿದು ಅಂಟು ಒಸರಿದರೆ ಅದು ಶಿಲೀಂಧ್ರದ ಕಾಂಡರೋಗ; ಆ ಕೊಂಬೆಯನ್ನು ರೋಗದ ಜಾಗಕ್ಕಿಂತ ಒಂದು ಗೇಣು ಕೆಳಕ್ಕೆ ಕತ್ತರಿಸಿ ಸುಟ್ಟು, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದ ಮೇಲೆಯೇ ಮುಂದಿನ ಗಿಡ ಮುಟ್ಟಬೇಕು.