ಕುಂಡದ ತಳದಿಂದ ಹೊರಬಂದ ಅಂಜೂರದ ಬೇರು

ಕಲಬುರಗಿಯ ನಮ್ಮ ಮನೆಯ ಮಾಳಿಗೆಯಲ್ಲಿ ಶಹಾಬಾದ್ ಪರಸಿಯ ಮೇಲಿಟ್ಟಿದ್ದ ಎಳೆಯ ಅಂಜೂರದ ಗಿಡಗಳ ಬೇರುಗಳು ಕುಂಡದ ತಳದ ರಂಧ್ರಗಳಿಂದ ಹೊರಬಂದು, ತೇವ ನಿಲ್ಲುವ ಕಲ್ಲಿನ ಸಂದುಗಳಿಗೆ ಇಳಿದಿದ್ದವು. ಜರುಗಿಸಲು ಹೋದರೆ ಕುಂಡ ಕದಲುತ್ತಿರಲಿಲ್ಲ. ಹೊರಗೆ ಪೆನ್ಸಿಲ್ಲಿನಷ್ಟು ದಪ್ಪವಾಗಿದ್ದ ಬೇರು ರಂಧ್ರದ ಅಂಚಿನಲ್ಲಿ ಹಿಸುಕಿ ಕಿರಿದಾಗಿತ್ತು.

ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಊರಿನಲ್ಲಿ ಆಗ ಬೇರು ಕತ್ತರಿಸುವುದು ಸರಿಯಲ್ಲವೆಂದು, ಗಿಡ ವಿಶ್ರಮಿಸುವ ಚಳಿಗಾಲದವರೆಗೆ ಕಾದೆ. ಹೊರಗಿನ ಬೇರುಗಳನ್ನು ಹರಿತವಾದ ಕತ್ತರಿಯಿಂದ ತಳಕ್ಕೆ ಸಮವಾಗಿ ಕತ್ತರಿಸಿ, ಗಿಡವನ್ನು ಹೊರತೆಗೆದು, ಸುತ್ತಿಕೊಂಡಿದ್ದ ಬೇರುಗಳನ್ನು ಬಿಡಿಸಿ, ತಳದ ಸುಮಾರು 2 ಅಂಗುಲದಷ್ಟನ್ನು ಸವರಿ, ತುಸು ದೊಡ್ಡ ಕುಂಡಕ್ಕೆ ಬದಲಿಸಿದೆ. ನಮ್ಮ ಎರೆಮಣ್ಣನ್ನೇ ತುಂಬಿದರೆ ನೀರು ಸರಿಯಾಗಿ ಬಸಿಯುವುದಿಲ್ಲವಾದ್ದರಿಂದ ಕೆಂಪು ಮಣ್ಣು, ಮರಳು ಮತ್ತು ಕಳಿತ ಗೊಬ್ಬರವನ್ನು ಬೆರೆಸಿದೆ. ಬೇರು ಕಡಿಮೆಯಾದಷ್ಟೂ ಕೊಂಬೆಗಳನ್ನೂ ಮೊಟಕುಗೊಳಿಸಬೇಕು; ಆಗ ಒಸರುವ ಹಾಲು ಚರ್ಮಕ್ಕೆ ಉರಿ ತರುವುದರಿಂದ ಕೈಗವಸು ಬೇಕೇ ಬೇಕು.

ಈಗ ಕುಂಡಗಳನ್ನು ಇಟ್ಟಿಗೆಗಳ ಮೇಲೆ, ರಂಧ್ರದ ಕೆಳಗೆ ಗಾಳಿಯಾಡುವಂತೆ ಇರಿಸಿದ್ದೇನೆ. ಇಣುಕುವ ಬೇರಿನ ತುದಿ ಒಣಹವೆಗೆ ತಾನಾಗಿಯೇ ಒಣಗುತ್ತದೆ, ಒಳಗೆ ಹೊಸ ಕವಲುಗಳು ಒಡೆಯುತ್ತವೆ. ರಂಧ್ರಕ್ಕೆ ಜಾಲರಿ ಹಾಕುವುದು ನನಗೆ ಅಷ್ಟು ಉಪಯುಕ್ತವೆನಿಸಲಿಲ್ಲ, ಏಕೆಂದರೆ ಕೂದಲೆಳೆಯ ಬೇರು ಅದರ ಕಣ್ಣುಗಳಲ್ಲಿಯೂ ನುಸುಳಿ ಅಲ್ಲಿಯೇ ದಪ್ಪವಾಗುತ್ತದೆ.